ರೊಕ್ಕ ಕೊಟ್ಟು ದುಡಿಯಾಕ ಹೋಗ್ತಾರಂತ, ಹಡಗಿನ್ಯಾಗ!

ಕಿತ್ತೂರು ಬಸ್ ಸ್ಟ್ಯಾಂಡ್ ಹತ್ತಿರದ ಚಾದಂಗಡಿಯಲ್ಲಿ ಮೊನ್ನೆ ಒಂದು ವಾದ ಬಿತ್ತು. ಡಿಗ್ರಿ ಓದುವ ಹುಡುಗನೊಬ್ಬ ಮೊಬೈಲ್‌ನಲ್ಲಿ ರೀಲ್ ತೋರಿಸಿದ. ಮೂರು ಕಂಬದ ದೊಡ್ಡ ಹಾಯಿಹಡಗು. ಕಂಬದ ಮೇಲೆ ಹಗ್ಗ ಹಿಡಿದು ನಿಂತ ಗಂಡಸರು, ಹೆಂಗಸರು. ಕೆಳಗೆ ಕಣ್ಣು ಮುಟ್ಟುವಷ್ಟು ದೂರ ನೀರೇ ನೀರು. ‘ಅನುಭವ ಬೇಕಿಲ್ಲ, ನಮ್ಮ ಹಡಗಿನ ಸಿಬ್ಬಂದಿಯಾಗಿ ಬನ್ನಿ’ ಅನ್ನುವ ಜಾಹೀರಾತು. ಪಗಾರ ಎಷ್ಟು ಅಂತ ಹುಡುಕಿದರೆ ಪಗಾರವೇ ಇಲ್ಲ. ಹೋಗುವವರೇ ಕೊಡಬೇಕು, ಅದೂ ಲಕ್ಷಗಟ್ಟಲೆ.

ಬಾಜೂಕ ಕೂತಿದ್ದ ಕಾಕಾ ಚಾ ಕುಡಿಯುವುದು ಬಿಟ್ಟು ನಕ್ಕರು. “ರೊಕ್ಕಾ ಕೊಟ್ಟು ದುಡಿಯಾಕ ಹೋಗ್ತಾರಂತ? ನಮ್ಮ ಹತ್ತಿ ಹೊಲದಾಗ ಕಸಾ ಎದ್ದೈತಿ, ಅವರಿಗೆ ಬರಾಕ ಹೇಳೋ. ನಾ ಒಂದ್ ರೂಪಾಯಿ ತಗೊಳ್ಳಾಂಗಿಲ್ಲ, ಮ್ಯಾಲ ರೊಟ್ಟಿ ಪಲ್ಯಾ ಹಾಕ್ತೇನಿ.”

ಎಲ್ಲರೂ ನಕ್ಕೆವು, ನಾವೂ ನಕ್ಕೆವು. ಆದರೆ ಹುಡುಗ ನಗಲಿಲ್ಲ. “ಏನ್ರೀ ಸಾಹೇಬ್ರ, ನೀವು ಪೇಪರಿನವರು. ಇದು ಖರೇನೋ ಸುಳ್ಳೋ ಹೇಳ್ರಿ” ಅಂದ. ಅವತ್ತು ಅರ್ಧ ಉತ್ತರ ಹೇಳಿ ಬಸ್ ಹತ್ತಿದೆವು. ಉಳಿದ ಅರ್ಧಕ್ಕೆ ಈ ಬರಹ.

ಜಾಹೀರಾತು ಖರೆ ಇರಬಹುದು, ಯಾಕೆಂದರೆ ಅಂಥ ಹಡಗುಗಳಿವೆ. ನೆದರ್‌ಲ್ಯಾಂಡ್ಸ್‌ನ ‘ಯುರೋಪಾ’ 1911ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಹಡಗು. ಮೊದಲು ನದಿಯ ಬಾಯಲ್ಲಿ ದೀಪ ಹಚ್ಚಿಕೊಂಡು ನಿಂತು ಬೇರೆ ಹಡಗುಗಳಿಗೆ ದಾರಿ ತೋರಿಸುತ್ತಿತ್ತು. ಈಗ ಜನರನ್ನು ಹತ್ತಿಸಿಕೊಂಡು ಅಂಟಾರ್ಕ್ಟಿಕದವರೆಗೂ ಹೋಗುತ್ತದೆ. ನಾರ್ವೆಯ ‘ಸ್ಟಾಟ್ಸ್‌ರಾಡ್ ಲೆಮ್‌ಕುಲ್’ 1914ರದ್ದು. ಇವುಗಳಲ್ಲಿ ಪ್ರವಾಸಿ ಅಂದರೆ ಕುರ್ಚಿ ಮೇಲೆ ಕೂತು ಸಮುದ್ರ ನೋಡುವವನಲ್ಲ. ಪಾಳಿ ಪ್ರಕಾರ ಎದ್ದು ಚುಕ್ಕಾಣಿ ಹಿಡಿಯಬೇಕು, ಹಗ್ಗ ಜಗ್ಗಬೇಕು, ಪಾತ್ರೆ ತೊಳೆಯಬೇಕು. ಧೈರ್ಯ ಇದ್ದರೆ ಕಂಬ ಹತ್ತಿ ಹಾಯಿ ಬಿಚ್ಚಬೇಕು.

ಇಲ್ಲಿ ಕಾಕಾನ ನಗುವನ್ನು ಸ್ವಲ್ಪ ತಡೆದು ಒಂದು ಮಾತು ಹೇಳಬೇಕು. ಆ ಕೆಲಸದಲ್ಲಿ ನಮ್ಮವರಿಗೆ ಗೊತ್ತಿಲ್ಲದ್ದು ಬಹಳ ಏನಿಲ್ಲ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಹಾಯಿಸುವವನಿಗೆ ರಾತ್ರಿ ಪಾಳಿ ಹೊಸದಲ್ಲ. ಕಣದಲ್ಲಿ ಜೋಳ ತೂರುವವರು ಗಾಳಿ ಯಾವ ಕಡೆಯಿಂದ ಬಂತು ಅಂತ ಕಿವಿಯಲ್ಲೇ ಹೇಳುತ್ತಾರೆ. ಹಾಯಿಹಡಗು ಎದುರು ಗಾಳಿಗೆ ನೇರ ಹೋಗಲಾರದು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಓರೆಯಾಗಿ ಹೋಗಿ ಹೋಗಿ ಮುಂದೆ ಸಾಗಬೇಕು. ಭಾರ ಹೇರಿದ ಚಕ್ಕಡಿಯನ್ನು ಏರಿನಲ್ಲಿ ಅಡ್ಡಡ್ಡ ಹೊಡೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಹಗ್ಗದ ಗಂಟಿನ ವಿಷಯವಂತೂ ಬಿಡಿ. ಎತ್ತು ಜಗ್ಗಿದರೂ ಬಿಚ್ಚಬಾರದು, ನಾವು ಜಗ್ಗಿದರೆ ತಟ್ಟನೆ ಬಿಚ್ಚಬೇಕು. ಅಂಥ ಗಂಟು ನಮ್ಮ ಪ್ರತಿ ಕೊಟ್ಟಿಗೆಯಲ್ಲೂ ಇದೆ.

ನಮಗೆ ಇಲ್ಲದ್ದು ಈಜು ಮತ್ತು ದಾರಿ. ರೊಕ್ಕ ಮೂರನೆಯದು.

ದಾರಿ ದೂರ ಇಲ್ಲ ಅನ್ನುವುದೇ ವಿಚಿತ್ರ. ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಎರಡು ನದಿ ಹುಟ್ಟುತ್ತವೆ. ಕಣಕುಂಬಿಯ ಮಲಪ್ರಭೆ ಪೂರ್ವಕ್ಕೆ ತಿರುಗಿ ನಮ್ಮ ಕಡೆ ಬಂದು, ನವಿಲುತೀರ್ಥದಲ್ಲಿ ನಿಂತು, ರಾಮದುರ್ಗದ ಕಡೆ ಹೋಗುತ್ತಾಳೆ. ಮಹದಾಯಿ ಪಶ್ಚಿಮಕ್ಕೆ ಇಳಿದು ಗೋವಾದಲ್ಲಿ ಮಾಂಡೋವಿ ಅನಿಸಿಕೊಂಡು ಸಮುದ್ರ ಸೇರುತ್ತಾಳೆ. ಮಹದಾಯಿ ಅಂದರೆ ನಮಗೆ ಕಳಸಾ ಬಂಡೂರಿ, ಬಂದ್, ಧರಣಿ, 2018ರ ನ್ಯಾಯಮಂಡಳಿಯ 13.42 ಟಿಎಂಸಿ. ಹಸಿರು ಶಾಲಿನ ಫೋಟೋ ನಾವೇ ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ.

ಅದೇ ಮಹದಾಯಿಯ ಹೆಸರಿನ ಹಾಯಿದೋಣಿಯೊಂದು ಭೂಮಿಯನ್ನು ಸುತ್ತಿ ಬಂದಿದೆ. ಇದನ್ನು ನಮ್ಮ ಧರಣಿ ಟೆಂಟಿನಲ್ಲಿ ಯಾರೂ ಹೇಳಿದ್ದು ನಾವು ಕೇಳಿಲ್ಲ. ‘ಐಎನ್‌ಎಸ್‌ವಿ ಮ್ಹಾದೆಯಿ’ ನೌಕಾಪಡೆಯ 56 ಅಡಿ ಉದ್ದದ ದೋಣಿ. ಮಾಂಡೋವಿ ನದಿಯ ನಡುವಿನ ದಿವಾರ್ ದ್ವೀಪದಲ್ಲಿ ರತ್ನಾಕರ ದಾಂಡೇಕರ್ ಅವರ ಅಕ್ವೇರಿಯಸ್ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ್ದು. 2009ರ ಆಗಸ್ಟ್‌ನಲ್ಲಿ ಮುಂಬೈಯಿಂದ ಹೊರಟ ದಿಲೀಪ್ ದೋಂಡೆ ಒಬ್ಬರೇ ಇದರಲ್ಲಿ ಲೋಕ ಸುತ್ತಿ 2010ರ ಮೇನಲ್ಲಿ ಮರಳಿದರು. ಆ ಸಾಧನೆ ಮಾಡಿದ ಮೊದಲ ಭಾರತೀಯ ಅವರು. 2012-13ರಲ್ಲಿ ಅಭಿಲಾಷ್ ಟೋಮಿ ಇದೇ ದೋಣಿಯಲ್ಲಿ ಎಲ್ಲೂ ನಿಲ್ಲದೆ ಸುತ್ತಿ ಬಂದರು, 151 ದಿನ. ಖಾನಾಪುರದ ಕಾಡಿನ ಹಳ್ಳದ ಹೆಸರು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿತು. ನಾವು ಆ ನೀರಿಗಾಗಿ ರಸ್ತೆಯಲ್ಲಿ ಕೂತಿದ್ದೆವು. ಕೂತಿದ್ದು ತಪ್ಪಲ್ಲ. ಆದರೆ ಆ ನದಿಯ ಇನ್ನೊಂದು ತುದಿಯಲ್ಲಿ ಏನು ನಡೆಯುತ್ತದೆ ಅಂತ ತಿರುಗಿ ನೋಡಲೇ ಇಲ್ಲ.

ಮ್ಹಾದೆಯಿಯ ತಂಗಿ ‘ತಾರಿಣಿ’ ಕೂಡ ಅದೇ ದಿವಾರ್‌ನಲ್ಲಿ ಹುಟ್ಟಿದ್ದು, 2017ರಲ್ಲಿ ನೌಕಾಪಡೆ ಸೇರಿತು. ಆ ವರ್ಷ ಸೆಪ್ಟೆಂಬರ್ 10ಕ್ಕೆ ಗೋವಾದಿಂದ ಆರು ಜನ ಮಹಿಳಾ ಅಧಿಕಾರಿಗಳು ಹೊರಟರು. ವರ್ತಿಕಾ ಜೋಶಿ ನಾಯಕಿ. 2018ರ ಮೇ 21ಕ್ಕೆ ವಾಪಸ್. ಆಮೇಲೆ 2024ರ ಅಕ್ಟೋಬರ್ 2ರಂದು ಇಬ್ಬರೇ ಇಬ್ಬರು ಹೊರಟರು: ಕೋಯಿಕ್ಕೋಡ್‌ನ ದಿಲ್ನಾ, ಪುದುಚೇರಿಯ ರೂಪಾ. ಎಂಟು ತಿಂಗಳು, 25 ಸಾವಿರಕ್ಕೂ ಹೆಚ್ಚು ನಾಟಿಕಲ್ ಮೈಲಿ. 2025ರ ಮೇ ಕೊನೆಗೆ ಗೋವಾಕ್ಕೆ ಮರಳಿದರು. ದಾರಿಯಲ್ಲಿ ಪಾಯಿಂಟ್ ನೀಮೋ ಅನ್ನುವ ಜಾಗ ದಾಟಿದರು. ಯಾವ ದಿಕ್ಕಿಗೆ ಹೋದರೂ ನೆಲ ಅತ್ಯಂತ ದೂರ ಇರುವ ಜಾಗ ಅದು. ಒಬ್ಬಳು ಮಲಗಿದರೆ ಇನ್ನೊಬ್ಬಳು ಎಚ್ಚರ.

ನಮ್ಮಲ್ಲಿ ಕಿತ್ತೂರು ಉತ್ಸವದ ಪ್ರತಿ ವೇದಿಕೆಯಲ್ಲೂ ಭಾಷಣ ಚೆನ್ನಮ್ಮನಿಂದ ಶುರುವಾಗುತ್ತದೆ. ವರದಿ ಮಾಡಲು ಹೋಗಿ ನಮಗೆ ಆ ಭಾಷಣಗಳು ಬಾಯಿಪಾಠ ಆಗಿವೆ. ಒಂದು ವರ್ಷವಾದರೂ ಆ ವೇದಿಕೆಗೆ ಇಂಥ ಒಬ್ಬ ಅಧಿಕಾರಿಯನ್ನು ಕರೆಸಿ, ಸಮುದ್ರ ಹೇಗಿರುತ್ತದೆ ಅಂತ ಹೈಸ್ಕೂಲ್ ಹುಡುಗಿಯರ ಮುಂದೆ ಮಾತಾಡಿಸಬಾರದೇ?

ನಮ್ಮ ನೆಲಕ್ಕೂ ಸಮುದ್ರಕ್ಕೂ ಸಂಬಂಧ ಇಲ್ಲ ಅನ್ನುವವರು ಕಿತ್ತೂರಿನ ಹತ್ತಿರದ ದೇಗಾಂವಕ್ಕೆ ಹೋಗಿ ಕಮಲನಾರಾಯಣ ಗುಡಿ ನೋಡಿ ಬರಬೇಕು. 12ನೇ ಶತಮಾನದಲ್ಲಿ ಅದನ್ನು ಕಟ್ಟಿಸಿದ ಕಮಲಾದೇವಿ ಗೋವಾ ಕದಂಬರ ರಾಣಿ. ಅವರ ಒಂದು ಕಾಲು ನಮ್ಮ ಹಲಸಿಯಲ್ಲಿ, ಇನ್ನೊಂದು ಗೋಪಕಪಟ್ಟಣದ ಬಂದರಿನಲ್ಲಿ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಅನ್ನುವ ಹಡಗು ನೌಕಾಪಡೆ ಸೇರಿತು. ಅಜಂತಾದ ಹಳೆಯ ಚಿತ್ರ ನೋಡಿ, ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು. ಹೌದು, ಕೌದಿ ಹೊಲಿದ ಹಾಗೆ. ಅದರ ಹಾಯಿಯ ಮೇಲಿರುವುದು ಗಂಡಭೇರುಂಡ, ನಮ್ಮ ರಾಜ್ಯದ ಲಾಂಛನದ ಹಕ್ಕಿ. 2025ರ ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಹೊರಟು ಸಂಕ್ರಾಂತಿ ಹೊತ್ತಿಗೆ ಮಸ್ಕತ್ ಮುಟ್ಟಿತು.

ಇನ್ನು ರೀಲ್‌ನಲ್ಲಿದ್ದಂಥ ಮೂರು ಕಂಬದ ಹಡಗು ಬೇಕೆಂದರೆ ‘ತರಂಗಿಣಿ’ ಇದೆ. ಕಟ್ಟಿದ್ದು ವಾಸ್ಕೋದ ಗೋವಾ ಶಿಪ್‌ಯಾರ್ಡ್‌ನಲ್ಲಿ. 1997ರಲ್ಲಿ ಸೇವೆಗೆ ಬಂತು, 2003-04ರಲ್ಲಿ ಲೋಕ ಸುತ್ತಿತು. ಅದರಲ್ಲಿ ನೌಕಾಪಡೆಯ ಕೆಡೆಟ್‌ಗಳು ಕಂಬ ಹತ್ತಿ ಹಾಯಿ ಕಟ್ಟುವುದನ್ನು ಕಲಿಯುತ್ತಾರೆ. ಅವರು ರೊಕ್ಕ ಕೊಡುವುದಿಲ್ಲ, ಸರ್ಕಾರವೇ ಅವರಿಗೆ ಕೊಡುತ್ತದೆ. ನಮ್ಮ ತಾಲ್ಲೂಕುಗಳಿಂದ ದುಡಿಯಲು ಗೋವಾಕ್ಕೆ ಹೋದ ಎಷ್ಟೋ ಕುಟುಂಬಗಳು ಅದೇ ವಾಸ್ಕೋ ಸುತ್ತಮುತ್ತ ಇವೆ. ಗಾರೆ ಕೆಲಸ, ಹೋಟೆಲ್ ಕೆಲಸ. ಸಮುದ್ರದ ಪಕ್ಕ ಇಪ್ಪತ್ತು ವರ್ಷ ಇದ್ದೂ ನೀರಿಗೆ ಇಳಿಯದವರು ನಮಗೆ ಪರಿಚಯದವರಲ್ಲೇ ಇದ್ದಾರೆ.

ಈಗ ಈ ಬರಹ ಬರೆಯಲು ನಿಜವಾದ ಕಾರಣ ಹೇಳುತ್ತೇವೆ.

ರೊಕ್ಕ ಕೊಟ್ಟು ಹಡಗು ಹತ್ತುವ ಇನ್ನೊಂದು ಜಾಹೀರಾತು ನಮ್ಮ ಹಳ್ಳಿಗಳಿಗೆ ಮೊದಲೇ ಬಂದಿದೆ. ‘ಮರ್ಚಂಟ್ ನೇವಿ, ಹತ್ತನೇ ಪಾಸ್ ಸಾಕು, ತಿಂಗಳಿಗೆ ಇಷ್ಟು ಡಾಲರ್.’ ಸವದತ್ತಿ ತಾಲ್ಲೂಕಿನ ಒಬ್ಬ ಹುಡುಗ, ಹೆಸರು ಬೇಡ, ಉಳ್ಳಾಗಡ್ಡಿ ಮಾರಿದ ರೊಕ್ಕಕ್ಕೆ ತಾಯಿಯ ಬಂಗಾರ ಅಡವಿಟ್ಟ ರೊಕ್ಕ ಸೇರಿಸಿ ಮೂರು ಲಕ್ಷ ಕೊಟ್ಟ. ಏಜೆಂಟ್ ಒಂದು ಸರ್ಟಿಫಿಕೇಟ್ ಕೊಟ್ಟ, ಒಂದು ಹಡಗಿನ ಹೆಸರು ಹೇಳಿದ. ಬಂದರಿಗೆ ಹೋದರೆ ಆ ಹೆಸರಿನ ಹಡಗೇ ಇರಲಿಲ್ಲ. ಈಗ ಅವನು ಗೋವಾದಲ್ಲಿ ಹೋಟೆಲ್ ಒಂದರ ಅಡಿಗೆಮನೆಯಲ್ಲಿದ್ದಾನೆ. ನಾವು ಸುದ್ದಿ ಬರೆದು ಕಳಿಸಿದೆವು. ಒಳಪುಟದಲ್ಲಿ ನಾಲ್ಕು ಸಾಲು ಬಂತು. ಆ ಪುಟ ಅವನ ಊರಿನ ಎಡಿಷನ್‌ನಲ್ಲಿ ಇರಲೇ ಇಲ್ಲ.

ಅದಕ್ಕೇ ಇಲ್ಲಿ ನಿಧಾನ ಓದಿ, ಮನೆಯ ಗ್ರೂಪ್‌ಗೂ ಕಳಿಸಿ. ಹಡಗಿನ ಕೆಲಸಕ್ಕೆ ಜನ ಕಳಿಸುವ ಕಂಪನಿಗೆ ಕೇಂದ್ರದ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕೊಟ್ಟ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು. ಆ ಪಟ್ಟಿ ಅವರ ವೆಬ್‌ಸೈಟ್‌ನಲ್ಲೇ ಇದೆ, ಮೊಬೈಲ್‌ನಲ್ಲಿ ನೋಡಬಹುದು. ಲೈಸೆನ್ಸ್ ಇದ್ದವರೂ ಕೆಲಸ ಕೊಡಿಸಿದ್ದಕ್ಕೆ ಹುಡುಗರಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ. ತರಬೇತಿ ಸಂಸ್ಥೆಯ ಫೀ ಬೇರೆ, ಕೆಲಸ ಕೊಡಿಸುವ ‘ಖರ್ಚು’ ಬೇರೆ. ಎರಡನೆಯದನ್ನು ಕೇಳಿದವನ ಮುಂದೆ ಚಾ ಸಹ ಕುಡಿಯಬೇಡಿ.

ಇತ್ತ ನೌಕಾಪಡೆಯ ಅಗ್ನಿವೀರ್ ಅರ್ಜಿಗೆ ಯಾವ ಏಜೆಂಟೂ ಬೇಕಿಲ್ಲ. ಎಂಆರ್ ಅನ್ನುವ ವಿಭಾಗಕ್ಕೆ ಹತ್ತನೇ ತರಗತಿ, ಎಸ್‌ಎಸ್‌ಆರ್‌ಗೆ ಗಣಿತ, ಭೌತಶಾಸ್ತ್ರ ಇರುವ ಪಿಯುಸಿ. 2022ರಿಂದ ಹುಡುಗಿಯರಿಗೂ ಬಾಗಿಲು ತೆರೆದಿದೆ. ನಾಲ್ಕೇ ವರ್ಷದ ನೌಕರಿ, ಆಮೇಲೆ ನಾಲ್ಕರಲ್ಲಿ ಒಬ್ಬರಿಗಷ್ಟೇ ಮುಂದುವರಿಯುವ ಅವಕಾಶ. ಇದರ ಬಗ್ಗೆ ನಮಗೂ ತಕರಾರಿದೆ, ಅದನ್ನು ಬೇರೆಯಾಗಿ ಬರೆಯುತ್ತೇವೆ. ಆದರೂ ಭೂಸೇನೆ ಭರ್ತಿಗೆ ನಸುಕಿನಲ್ಲಿ ಓಡುವ ನಮ್ಮ ನೂರು ಹುಡುಗರಲ್ಲಿ ಐದು ಜನ ಸಹ ನೌಕಾಪಡೆಯ ಹೆಸರು ಹೇಳುವುದಿಲ್ಲ. ಯಾಕೆ ಅಂದರೆ ಒಂದೇ ಉತ್ತರ: “ನೀರಂದ್ರ ಅಂಜಿಕಿ ಬರ್ತೈತ್ರಿ.”

ಅಂಜಿಕೆಗೆ ಕಾರಣ ಇದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮುನವಳ್ಳಿ, ರಾಮದುರ್ಗದ ಕಡೆ ಮನೆಗಳ ಒಳಗೆ ಬಂದಾಗ ನಮ್ಮವರು ನೀರಿನಲ್ಲಿ ಕಂಡದ್ದು ಸಾಹಸವಲ್ಲ. ಬೇಸಿಗೆ ಬಂತೆಂದರೆ ಕೃಷಿಹೊಂಡಕ್ಕೆ ಬಿದ್ದ ಮಗು, ಕಾಲುವೆಯಲ್ಲಿ ಎತ್ತು ತೊಳೆಯಲು ಹೋದ ಅಣ್ಣತಮ್ಮಂದಿರು, ಬಟ್ಟೆ ಒಗೆಯಲು ಹೋದ ತಾಯಿ ಮಗಳು. ಈ ಸುದ್ದಿಯನ್ನು ನಾವು ಎಷ್ಟು ಸಲ ಬರೆದಿದ್ದೇವೆ ಅಂದರೆ ಹೆಸರು, ಊರು ಬದಲಿಸಿದರೆ ಸಾಕು, ಉಳಿದ ವಾಕ್ಯಗಳು ತಯಾರೇ ಇರುತ್ತವೆ. ಹೀಗೆ ಹೇಳಲು ನಾಚಿಕೆ ಆಗುತ್ತದೆ.

ನಮ್ಮ ಅಭಿಪ್ರಾಯ ಇಷ್ಟು. ನವಿಲುತೀರ್ಥದ ಹಿಂದೆ ರೇಣುಕಾ ಸಾಗರ ಇದೆ. ತುಂಬಿದರೆ 37 ಟಿಎಂಸಿ ನೀರು. ಅದರ ದಂಡೆಯಲ್ಲಿ ಸುರಕ್ಷಿತ ಜಾಗ ಗುರುತಿಸಿ, ಬೇಲಿ ಕಟ್ಟಿ, ಈಜು ಕಲಿಸುವ ಇಬ್ಬರನ್ನು ನೇಮಿಸಬೇಕು. ನಾಲ್ಕೂ ತಾಲ್ಲೂಕಿನ ಹೈಸ್ಕೂಲ್ ಮಕ್ಕಳನ್ನು ಪಾಳಿ ಹಚ್ಚಿ ಕರೆತರಬೇಕು, ಹುಡುಗಿಯರಿಗೆ ಮಹಿಳಾ ತರಬೇತುದಾರರು ಇರಬೇಕು. ಆಮೇಲೆ ನಾಲ್ಕು ಸಣ್ಣ ಹಾಯಿದೋಣಿ. ಮಕ್ಕಳಿಗೆಂದೇ ‘ಆಪ್ಟಿಮಿಸ್ಟ್’ ಅನ್ನುವ ದೋಣಿ ಇದೆ. ಸುಮಾರು 2.3 ಮೀಟರ್ ಉದ್ದ, ಒಂದು ಮಗು ಒಂದು ಹಾಯಿ. ಸಮುದ್ರ ಇಲ್ಲದ ಊರಿನಲ್ಲಿ ಇದೆಲ್ಲ ಯಾಕೆ ಅನ್ನುವವರಿಗೆ ಹೈದರಾಬಾದ್ ತೋರಿಸುತ್ತೇವೆ. ಅಲ್ಲಿಂದಲೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಹುಸೇನ್ ಸಾಗರದ ಕೆರೆಯಲ್ಲಿ ಸರ್ಕಾರಿ ಶಾಲೆಯ ಬಡ ಮಕ್ಕಳು, ಅದರಲ್ಲೂ ಹುಡುಗಿಯರು, ಹಾಯಿ ಹಿಡಿಯುವುದು ಕಲಿತು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ನಮ್ಮ ರಾಜ್ಯದಲ್ಲೂ ಯುವ ಸಬಲೀಕರಣ ಇಲಾಖೆಯ ಕೆಳಗೆ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ, ಎನ್‌ಸಿಸಿಯಲ್ಲಿ ನೌಕಾ ವಿಭಾಗ ಇದೆ. ಅವು ಕರಾವಳಿ, ಮಲೆನಾಡು ಬಿಟ್ಟು ಇತ್ತ ಬರಬೇಕೆಂದರೆ ನಾವು ಕೇಳಬೇಕು. ಸಮುದಾಯ ಭವನ ಕೇಳುವ ಮನವಿಯ ಕೆಳಗೆ ಇದನ್ನೂ ಒಂದು ಸಾಲು ಬರೆದರೆ ಕಾಗದ ಏನೂ ಹೆಚ್ಚಾಗದು.

ಇದರಲ್ಲಿ ಅಪಾಯ ಇಲ್ಲವೇ ಅಂತ ಕೇಳುವಿರಿ. ಇದೆ. ಲೋಕ ಸುತ್ತಿ ಬಂದ ಅದೇ ಅಭಿಲಾಷ್ ಟೋಮಿ 2018ರಲ್ಲಿ ಇನ್ನೊಮ್ಮೆ ಒಬ್ಬರೇ ಹೋದಾಗ ಹಿಂದೂ ಮಹಾಸಾಗರದ ಬಿರುಗಾಳಿಗೆ ಕಂಬ ಮುರಿದು, ಬೆನ್ನುಮೂಳೆ ಪೆಟ್ಟಾಗಿ, ಎದ್ದು ಕೂರಲಾಗದೆ ಬಿದ್ದಿದ್ದರು. ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗೊಂದು ಬಂದು ಎತ್ತಿಕೊಂಡಿತು. 2022ರಲ್ಲಿ ಅದೇ ಸ್ಪರ್ಧೆಗೆ ಮತ್ತೆ ಇಳಿದು ಎರಡನೆಯವರಾಗಿ ಮುಗಿಸಿದರು. ಇದನ್ನು ಚಾದಂಗಡಿಯ ಹುಡುಗನಿಗೆ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ.

ನಿನ್ನೆ ಅವನೇ ಫೋನ್ ಮಾಡಿದ್ದ. ಎಸ್‌ಎಸ್‌ಆರ್ ಅರ್ಜಿ ಯಾವಾಗ ಬಿಡುತ್ತಾರೆ ಅಂತ ಕೇಳಿದ. ನಿನಗೆ ಈಜು ಬರುತ್ತದೇನು ಅಂತ ನಾವು ಕೇಳಿದೆವು. “ಬಾವ್ಯಾಗ ಬರ್ತೈತ್ರಿ. ಕಾಕಾ ಡಬ್ಬಿ ಕಟ್ಟಿ ಕಲಿಸ್ಯಾನ್ರಿ” ಅಂದ. ಯಾವ ಕಾಕಾ ಅಂದರೆ, ಅವತ್ತು ನಕ್ಕ ಕಾಕಾನೇ.