ಉದ್ಘಾಟನೆಯ ಅವಸರ, ಹಳಿ ತಪ್ಪಿದ ಟ್ರಾಮು: ದಿ ಹೇಗ್ ಕಲಿಸಿದ ಪಾಠ

ನಗರಗಳಲ್ಲಿ ಸಾರ್ವಜನಿಕ ಸಾರಿಗೆಗೆ ಆದ್ಯತೆ ಸಿಗಬೇಕು, ಪ್ರಯಾಣಿಕರನ್ನು ಕಿಕ್ಕಿರಿದು ತುಂಬುವುದು ಮಾನವ ಘನತೆಗೆ ತಕ್ಕದ್ದಲ್ಲ ಎಂದು ದಿವಂಗತ ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ತಿಳಿಸಿದ್ದರು. ಆದರೆ ಉದ್ದೇಶ ಒಳ್ಳೆಯದಾದರೆ ಸಾಲದು, ಕೆಲಸವೂ ನೆಟ್ಟಗಿರಬೇಕು. ನೆದರ್ಲೆಂಡ್ಸ್ ದೇಶದ 'ರಾಂಡ್‌ಸ್ಟಾಡ್‌ರೇಲ್' ಯೋಜನೆಯ ಕಥೆ ಇದನ್ನೇ ಹೇಳುತ್ತದೆ.

ದಿ ಹೇಗ್ ನಗರದ ಪಕ್ಕದ ಝೂಟರ್‌ಮೇರ್ ಒಂದು ಕಾಲದಲ್ಲಿ ಸಣ್ಣ ಊರು. 1960ರ ದಶಕದಿಂದ ಯೋಜಿತವಾಗಿ ಬೆಳೆದು ಇಂದು ಲಕ್ಷಕ್ಕೂ ಮಿಕ್ಕಿ ಜನರಿರುವ ಪಟ್ಟಣವಾಗಿದೆ. ಅಲ್ಲಿನ ರೈಲು ಜನರನ್ನು ದಿ ಹೇಗ್‌ನ ದೊಡ್ಡ ನಿಲ್ದಾಣದಲ್ಲಿ ಇಳಿಸುತ್ತಿತ್ತು. ಪೇಟೆಯೊಳಗೆ ಹೋಗಲು ಮತ್ತೊಂದು ವಾಹನ ಹಿಡಿಯಬೇಕಿತ್ತು. ಅದೇ ರೈಲುಹಳಿಯ ಮೇಲೆ ಟ್ರಾಮ್ ಓಡಿಸಿ, 2004ರಲ್ಲಿ ತೆರೆದ ಸುರಂಗದ ಮೂಲಕ ನೇರವಾಗಿ ಪೇಟೆಯ ನಡುವಿಗೆ ತಲುಪಿಸುವುದೇ ಯೋಜನೆ. ಟ್ರಾಮಿನ ನೆಲ ತಗ್ಗಾಗಿದ್ದು ಪ್ಲಾಟ್‌ಫಾರ್ಮಿಗೆ ಸಮನಾಗಿರುವುದರಿಂದ ವೃದ್ಧರು, ಗಾಲಿಕುರ್ಚಿಯವರು, ಮಕ್ಕಳ ಗಾಡಿ ತಳ್ಳುವ ತಾಯಂದಿರು ಮೆಟ್ಟಿಲಿನ ಕಷ್ಟವಿಲ್ಲದೆ ಹತ್ತಬಹುದು. ಇದು ನಿಜಕ್ಕೂ ಜನಪರವಾದ ಚಿಂತನೆ.

ಎಡವಿದ್ದು ಅವಸರದಲ್ಲಿ. 2006ರ ಜೂನ್ ಆರಂಭದಲ್ಲಿ ರೈಲು ಮಾರ್ಗವನ್ನು ಮುಚ್ಚಿ, ಸೆಪ್ಟೆಂಬರ್‌ನಲ್ಲೇ ಟ್ರಾಮ್ ಓಡಿಸಲು ತೀರ್ಮಾನಿಸಲಾಗಿತ್ತು. ತಡವಾಗಿ ಅಕ್ಟೋಬರ್ ಕೊನೆಯಲ್ಲಿ ಸಂಚಾರ ಆರಂಭವಾಯಿತು. ನವೆಂಬರ್‌ನಲ್ಲಿ ಟ್ರಾಮುಗಳು ಒಂದರ ಹಿಂದೆ ಒಂದು ಹಳಿ ತಪ್ಪಿದವು, ಪ್ರಯಾಣಿಕರು ಗಾಯಗೊಂಡರು. ಬೀದಿಯ ಹಳಿ, ರೈಲಿನ ಹಳಿ ಎರಡರ ಮೇಲೂ ಓಡುವ ಗಾಡಿಗೆ ಚಕ್ರ ಮತ್ತು ಹಳಿಯ ನಡುವೆ ಕರಾರುವಾಕ್ಕಾದ ಹೊಂದಾಣಿಕೆ ಬೇಕು. ಹಳಿಗಳು ಕವಲೊಡೆಯುವಲ್ಲಂತೂ ಅಲ್ಪ ವ್ಯತ್ಯಾಸವೂ ಅಪಾಯಕಾರಿ. ಇದನ್ನು ಪರೀಕ್ಷಿಸಿ ನೋಡಲು ಕಾಲಾವಕಾಶ ಬೇಕು.

ಡಚ್ ಸುರಕ್ಷತಾ ಮಂಡಳಿ ತನಿಖೆ ನಡೆಸಿ 2008ರಲ್ಲಿ ವರದಿ ನೀಡಿತು. ಕಾಮಗಾರಿ ಮಾಡಿಸಿದವರು ಒಬ್ಬರು, ಹಳಿ ಹಾಕಿದವರು ಇನ್ನೊಬ್ಬರು, ಗಾಡಿ ಓಡಿಸಿದವರು ಮತ್ತೊಬ್ಬರು. ಜವಾಬ್ದಾರಿ ಹೀಗೆ ಹಂಚಿಹೋದಾಗ ಒಟ್ಟು ಸುರಕ್ಷತೆಯನ್ನು ನೋಡುವವರು ಯಾರು ಎಂಬುದೇ ಇಲ್ಲಿನ ಮೂಲ ಪ್ರಶ್ನೆ.

ಆದರೂ ಒಂದು ಮಾತನ್ನು ಮೆಚ್ಚಲೇಬೇಕು. ಮುಖಭಂಗವಾದೀತೆಂದು ಅಂಜಿ ಅವರು ಟ್ರಾಮುಗಳನ್ನು ಓಡಿಸುತ್ತಲೇ ಹೋಗಲಿಲ್ಲ. ಸಂಚಾರ ನಿಲ್ಲಿಸಿ ಬಸ್ಸುಗಳನ್ನು ಬಿಟ್ಟರು. ಹಳಿ ಸರಿಪಡಿಸಿ 2007ರಲ್ಲಿ ಹಂತಹಂತವಾಗಿ ಪುನರಾರಂಭಿಸಿದರು. ತಿಂಗಳುಗಟ್ಟಲೆ ತೊಂದರೆ ಅನುಭವಿಸಿದವರು ಮಾತ್ರ ದಿನನಿತ್ಯದ ಪ್ರಯಾಣಿಕರೇ. ಸ್ವಂತ ಕಾರು ಇದ್ದವನಿಗೆ ಬೇರೆ ದಾರಿಯುಂಟು, ಇಲ್ಲದವನು ಬಸ್ಸಿಗಾಗಿ ಕಾದು ನಿಲ್ಲಬೇಕು. ಇಂದು 3 ಮತ್ತು 4ನೇ ಮಾರ್ಗದ ಟ್ರಾಮುಗಳು ಝೂಟರ್‌ಮೇರ್ ಜನರ ನಿತ್ಯದ ಆಸರೆಯಾಗಿವೆ.

ಸಾರ್ವಜನಿಕ ಕಾಮಗಾರಿಯೊಂದು ಪೂರ್ಣಗೊಳ್ಳುವುದು ರಿಬ್ಬನ್ ಕತ್ತರಿಸಿದಾಗ ಅಲ್ಲ, ಅದನ್ನೇ ನಂಬಿದ ಬಡವನು ನಿರ್ಭಯವಾಗಿ ಬಳಸಿದಾಗ ಎಂದು ನಾವು ಭಾವಿಸುತ್ತೇವೆ. ಹಬ್ಬದ ದಿನವೇ ಸಭಾಭವನದ ಉದ್ಘಾಟನೆ ಆಗಲೇಬೇಕೆಂದು ಹಟ ಹಿಡಿಯುವ ನಮ್ಮ ಚರ್ಚ್ ಪಾಲನಾ ಮಂಡಳಿಗಳೂ ಈ ಮಾತನ್ನು ನೆನಪಿಡುವುದು ಒಳಿತು. ದಿನಾಂಕ ಮುಂದೂಡಿದರೆ ನಷ್ಟ ಅಲ್ಪ. ಜೀವಕ್ಕೆ ಅಪಾಯವಾದರೆ ಅದನ್ನು ತುಂಬಿಕೊಡಲು ಯಾರಿಂದಲೂ ಸಾಧ್ಯವಿಲ್ಲ.