ಕಡಿವಾಣ ಕಳಚುವ ಜಾಣತನ

ಚನ್ನಗಿರಿಯ ಅಡಿಕೆ ತೋಟಗಳ ನಡುವಿನ ದಾರಿಯಲ್ಲಾಗಲಿ, ಹೊನ್ನಾಳಿಯ ತುಂಗಭದ್ರಾ ಸೇತುವೆಯ ಮೇಲಾಗಲಿ, ನ್ಯಾಮತಿಯ ಪೇಟೆಯಲ್ಲಾಗಲಿ, ಜಗಳೂರಿನ ಬಯಲು ರಸ್ತೆಯಲ್ಲಾಗಲಿ ಈಗ ಸದ್ದಿಲ್ಲದೆ ಹಿಂದಿನಿಂದ ಬಂದು ಪಕ್ಕದಲ್ಲಿ ಹಾಯ್ದುಹೋಗುವ ಗಾಡಿಯೊಂದು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಅದಕ್ಕೆ ಪೆಟ್ರೋಲು ಬೇಡ, ಹೊಗೆಯಿಲ್ಲ, ಗದ್ದಲವಿಲ್ಲ. ರಾತ್ರಿ ಜಗಲಿಯ ಪ್ಲಗ್ಗಿಗೆ ಸಿಕ್ಕಿಸಿಟ್ಟರೆ ಬೆಳಗಾಗುವಷ್ಟರಲ್ಲಿ ದಿನದ ಓಡಾಟಕ್ಕೆ ಸಿದ್ಧ. ಕಾಗದಪತ್ರಗಳಲ್ಲಿ ಅದು ವಿದ್ಯುತ್ ದ್ವಿಚಕ್ರ ವಾಹನ. ಜನರ ಬಾಯಲ್ಲಿ ಬ್ಯಾಟರಿ ಗಾಡಿ.

ಈ ಬ್ಯಾಟರಿ ಗಾಡಿಗಳಲ್ಲಿ ಎರಡು ಜಾತಿ ಉಂಟು. ಒಂದು, ಪೆಟ್ರೋಲ್ ಸ್ಕೂಟರಿಗೆ ಸರಿಗಟ್ಟಿ ಓಡುವಂಥದು. ಅದಕ್ಕೆ ನಂಬರ್ ಪ್ಲೇಟು, ನೋಂದಣಿ, ವಿಮೆ ಎಲ್ಲವೂ ಕಡ್ಡಾಯ. ಇನ್ನೊಂದು, ಗಂಟೆಗೆ ೨೫ ಕಿಲೋಮೀಟರಿನೊಳಗೇ ಓಡಬೇಕಾದ ಸಾಧುಪ್ರಾಣಿ. ಅದಕ್ಕೆ ನಂಬರ್ ಪ್ಲೇಟಿಲ್ಲ. ನಡೆಸುವವರಿಗೆ ಲೈಸೆನ್ಸು ಬೇಕಿಲ್ಲ. ಕಾಲೇಜಿಗೆ ಹೋಗುವ ಮಗಳು, ಸಂತೆಗೆ ಹೋಗುವ ಗೃಹಿಣಿ, ಪಿಂಚಣಿ ತರಲು ಬ್ಯಾಂಕಿಗೆ ಹೋಗುವ ಹಿರಿಯರು, ಹೀಗೆ ಮನೆಮಂದಿಗೆಲ್ಲ ಒಂದೇ ಗಾಡಿಯಾದೀತೆಂಬ ಅನುಕೂಲಕ್ಕಾಗಿ ಅನೇಕ ಕುಟುಂಬಗಳು ಈ ಎರಡನೆಯ ಜಾತಿಯನ್ನು ಮೆಚ್ಚಿದುವು.

ಆದರೆ ಹೊಸತರ ಸಂಭ್ರಮ ಇಳಿಯುತ್ತಲೇ ಮನೆಯ ಕಿರಿಯರಿಗೆ ಬೇಸರ ಹುಟ್ಟುತ್ತದೆ. ಹಳೆಯ ಮೊಪೆಡ್ಡು ಕೂಡ ತಮ್ಮನ್ನು ಹಿಂದಿಕ್ಕಿ ಹೋದಾಗ ಅವಮಾನವೆನಿಸುತ್ತದೆ. ಆಗ ಯಾರೋ ಕಿವಿಯಲ್ಲಿ ಉಸುರುತ್ತಾರೆ: “ಸ್ಪೀಡ್ ಲಾಕ್ ತೆಗೆಸಿಬಿಡಿ ಸಾರ್, ಐವತ್ತು ಹೋಗುತ್ತೆ!” ಈ ಒಂದು ಮಾತಿನ ಹಿಂದಿರುವ ಯಂತ್ರವಿದ್ಯೆಯೇನು, ಕಾಯಿದೆಯೇನು, ಅಪಾಯವೇನು ಎಂಬುದನ್ನು ಗಾಡಿ ಕೊಂಡ ಪ್ರತಿಯೊಂದು ಮನೆಯವರೂ ತಿಳಿದಿರುವುದು ಅವಶ್ಯ.

ಬ್ಯಾಟರಿಯ ವಿದ್ಯುತ್ತು ನೇರವಾಗಿ ಚಕ್ರದ ಮೋಟಾರಿಗೆ ಹೋಗುವುದಿಲ್ಲ. ನಡುವೆ ಒಂದು ಪುಟ್ಟ ಲೋಹದ ಪೆಟ್ಟಿಗೆ ಕುಳಿತಿರುತ್ತದೆ. ಅದೇ ಕಂಟ್ರೋಲರ್. ಚಕ್ರ ಎಷ್ಟು ಬೇಗ ತಿರುಗುತ್ತಿದೆಯೆಂಬ ಸುದ್ದಿಯನ್ನು ಸಂವೇದಕಗಳು ಕ್ಷಣಕ್ಷಣವೂ ಅದಕ್ಕೆ ಮುಟ್ಟಿಸುತ್ತವೆ. ಸವಾರನ ಕೈ ಎಷ್ಟು ಕೇಳುತ್ತಿದೆ, ಚಕ್ರ ಈಗಾಗಲೇ ಎಷ್ಟು ಓಡುತ್ತಿದೆ ಎಂಬೆರಡನ್ನೂ ತೂಗಿ ನೋಡಿ ಕಂಟ್ರೋಲರ್ ವಿದ್ಯುತ್ತನ್ನು ಅಳೆದು ಬಿಡುತ್ತದೆ. ೨೫ರ ಗಡಿ ಸಮೀಪಿಸಿದೊಡನೆ, ಹಿಡಿಯನ್ನು ಎಷ್ಟೇ ತಿರುವಿದರೂ ಅದು ಜಗ್ಗುವುದಿಲ್ಲ. ಈ ಉಪಾಯ ಹೊಸದೇನೂ ಅಲ್ಲ. ೧೭೮೮ರಲ್ಲಿಯೇ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಎರಡು ತಿರುಗುವ ಗುಂಡುಗಳ ಗವರ್ನರನ್ನು ಅಳವಡಿಸಿದ್ದನು. ಯಂತ್ರದ ವೇಗ ಹೆಚ್ಚಿದಂತೆ ಗುಂಡುಗಳು ಹೊರಕ್ಕೆ ಚಾಚಿ ಉಗಿಯ ದಾರಿಯನ್ನು ಕಿರಿದುಮಾಡುತ್ತಿದ್ದುವು. ನಮ್ಮ ಹಿಟ್ಟಿನ ಗಿರಣಿಗಳ ಡೀಸೆಲ್ ಎಂಜಿನ್ನುಗಳಲ್ಲಿಯೂ ಇದೇ ವಂಶದ ಗವರ್ನರ್ ಇರುತ್ತದೆ. ಯಂತ್ರಕ್ಕೆ ಬಲ ಕೊಟ್ಟ ಬುದ್ಧಿಯೇ ಅದಕ್ಕೆ ಹದವನ್ನೂ ಕಲಿಸಿತು.

ಈ ಹದವನ್ನು ಕೆಡಿಸುವ ಉಪಾಯಗಳು ಮೂರು ಬಗೆ. ಕಂಟ್ರೋಲರಿನೊಳಗಿನ ಮಿತಿಯನ್ನೇ ನಿಷ್ಕ್ರಿಯಗೊಳಿಸುವುದು ಮೊದಲನೆಯದು. ಹೆಚ್ಚು ಬಲದ ಕಂಟ್ರೋಲರನ್ನೋ ಹೆಚ್ಚು ವೋಲ್ಟೇಜಿನ ಬ್ಯಾಟರಿಯನ್ನೋ ಕೂರಿಸುವುದು ಎರಡನೆಯದು. ವೋಲ್ಟೇಜು ಏರಿದಂತೆ ಮೋಟಾರಿನ ಸುತ್ತು ಏರುವುದು ಅದರ ಸ್ವಭಾವ. ಮೂರನೆಯದು ಎಲ್ಲಕ್ಕಿಂತ ಚಮತ್ಕಾರದ್ದು: ಸುಳ್ಳು ಹೇಳುವ ಯಂತ್ರ. ಯೂರೋಪಿನಲ್ಲಿ ಪೆಡಲು ತುಳಿಯುವ ವಿದ್ಯುತ್ ಸೈಕಲ್ಲುಗಳಿಗೆ ಇದನ್ನು ಕಂಡುಹಿಡಿದರು. ಅಲ್ಲಿಯೂ ಮಿತಿ ೨೫ ಕಿಲೋಮೀಟರು, ೨೫೦ ವ್ಯಾಟ್. ಸಂವೇದಕಕ್ಕೂ ಕಂಟ್ರೋಲರಿಗೂ ನಡುವೆ ಬೆಂಕಿಪೊಟ್ಟಣದಷ್ಟು ಚಿಕ್ಕ ಸಾಧನವೊಂದನ್ನು ಸೇರಿಸುತ್ತಾರೆ. ಚಕ್ರದಿಂದ ಬಂದ ಎರಡು ಸಂಕೇತಗಳಲ್ಲಿ ಒಂದನ್ನು ಅದು ನುಂಗಿಬಿಡುತ್ತದೆ. ಸೈಕಲ್ಲು ೪೦ರಲ್ಲಿ ಓಡುತ್ತಿದ್ದರೆ ಕಂಟ್ರೋಲರ್ ೨೦ ಎಂದೇ ನಂಬಿ ಇನ್ನಷ್ಟು ಬಲ ಕೊಡುತ್ತದೆ. ತಯಾರಕರೂ ಸುಮ್ಮನಿರಲಿಲ್ಲ. ಜರ್ಮನಿಯ ಬಾಷ್ ಕಂಪನಿಯು ೨೦೨೦ರ ಮಾದರಿಗಳಿಂದ ಇಂಥ ಮೋಸವನ್ನು ಪತ್ತೆಹಚ್ಚಿ ಮೋಟಾರಿನ ನೆರವನ್ನು ಕುಗ್ಗಿಸುವ ವ್ಯವಸ್ಥೆಯನ್ನು ತಂದಿತು. ಫ್ರಾನ್ಸ್ ದೇಶವು ೨೦೧೯ರ ಕಾಯಿದೆಯಲ್ಲಿ ಇದಕ್ಕೆ ಒಂದು ವರ್ಷದವರೆಗಿನ ಸೆರೆವಾಸವನ್ನೂ ೩೦,೦೦೦ ಯೂರೋ ದಂಡವನ್ನೂ ಗೊತ್ತುಮಾಡಿತು.

ಒಂದು ಪುಟ್ಟ ಸಾಧನಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಅಚ್ಚರಿಪಡುವವರು ಮೋಟಾರು ಯುಗದ ಬೆಳಗಿನ ಜಾವದ ಒಂದು ಪ್ರಸಂಗವನ್ನು ನೆನೆಯಬಹುದು. ೧೮೯೬ನೆಯ ಆಗಸ್ಟ್ ೧೭ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿ ತನ್ನ ಮಗಳೊಡನೆ ನಡೆದುಹೋಗುತ್ತಿದ್ದಳು. ಪ್ರದರ್ಶನಕ್ಕಾಗಿ ಜನರನ್ನು ಕೂರಿಸಿಕೊಂಡು ಸುತ್ತುತ್ತಿದ್ದ ಮೋಟಾರುಗಾಡಿಯೊಂದು ಆಕೆಗೆ ಬಡಿಯಿತು. ಇಂಗ್ಲೆಂಡಿನಲ್ಲಿ ಮೋಟಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆ. ಆ ಗಾಡಿ ಗಂಟೆಗೆ ಎಂಟು ಮೈಲಿ ಓಡಬಲ್ಲುದಾಗಿದ್ದರೂ ಅದರ ವೇಗವನ್ನು ಬೇಕೆಂದೇ ಸುಮಾರು ನಾಲ್ಕು ಮೈಲಿಯಷ್ಟಕ್ಕೆ ಕಟ್ಟಿಹಾಕಲಾಗಿತ್ತು. ಚಾಲಕನು ಎಂಜಿನ್ನನ್ನು ಮಾರ್ಪಡಿಸಿ ಆ ಕಟ್ಟನ್ನು ಸಡಿಲಿಸಿದ್ದನೆಂದು ಗಾಡಿಯಲ್ಲಿದ್ದ ಪ್ರಯಾಣಿಕಳೊಬ್ಬಳು ಆರೋಪಿಸಿದಳು. ಗಾಡಿಯನ್ನು ಪರೀಕ್ಷಿಸಿದ ಮತ್ತೊಬ್ಬನು ಹಾಗೆ ಓಡಲು ಸಾಧ್ಯವೇ ಇರಲಿಲ್ಲವೆಂದನು. ಪಂಚರು ಆಕಸ್ಮಿಕ ಮರಣವೆಂದು ತೀರ್ಪಿತ್ತರು. ಆರೋಪ ನಿಜವೋ ಸುಳ್ಳೋ, ಒಂದಂತೂ ಸತ್ಯ: ವೇಗದ ಮಿತಿಯನ್ನು ಕಳಚಿದರೇ ಎಂಬ ಪ್ರಶ್ನೆ ಆ ದೇಶದಲ್ಲಿ ಮೋಟಾರಿಗೆ ಬಲಿಯಾದ ಮೊದಲ ಪಾದಚಾರಿಯ ಸಾವಿನ ವಿಚಾರಣೆಯಲ್ಲಿಯೇ ಎದ್ದಿತ್ತು.

ಇನ್ನು ನಮ್ಮ ದೇಶದ ಕಾಯಿದೆಗೆ ಬರೋಣ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ ೨೫೦ ವ್ಯಾಟಿಗಿಂತ ಕಡಮೆಯಿದ್ದು, ಗರಿಷ್ಠ ವೇಗ ೨೫ ಕಿಲೋಮೀಟರಿಗಿಂತ ಕಡಮೆಯಿದ್ದು, ಬ್ಯಾಟರಿ ಬಿಟ್ಟು ಗಾಡಿಯ ತೂಕ ೬೦ ಕಿಲೋಗ್ರಾಮನ್ನು ಮೀರದೆ, ಇದನ್ನೆಲ್ಲ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯೊಂದು ಪ್ರಮಾಣೀಕರಿಸಿದ್ದರೆ, ಅಂಥ ದ್ವಿಚಕ್ರವನ್ನು ಮೋಟಾರು ವಾಹನವೆಂದು ಭಾವಿಸತಕ್ಕದ್ದಲ್ಲ. ಲೈಸೆನ್ಸು, ನೋಂದಣಿ, ವಿಮೆಗಳ ವಿನಾಯಿತಿ ದೊರೆಯುವುದು ಈ ಒಂದು ವಾಕ್ಯದಿಂದ. ಹೀಗಾಗಿ ೨೫ ಎಂಬುದು ಗಾಡಿಯ ಬಲಹೀನತೆಯಲ್ಲ; ಅದು ಒಂದು ಒಪ್ಪಂದದ ಷರತ್ತು. ನೀನು ಸೈಕಲ್ಲಿನಂತೆ ನಡೆದುಕೊಂಡರೆ ನಿನ್ನನ್ನು ಸೈಕಲ್ಲಿನಂತೆಯೇ ನಡೆಸಿಕೊಳ್ಳುತ್ತೇನೆ ಎಂದು ಸರ್ಕಾರ ಹೇಳಿದೆ. ಷರತ್ತನ್ನು ಒಂದು ಕಡೆಯವರು ಗುಟ್ಟಾಗಿ ಮುರಿದರೆ ವಿನಾಯಿತಿಯೂ ಅಷ್ಟೇ ಗುಟ್ಟಾಗಿ ಬಿದ್ದುಹೋಗುತ್ತದೆ. ಬೆಳಿಗ್ಗೆ ಮೆಕ್ಯಾನಿಕ್ಕಿನ ಅಂಗಡಿಗೆ ಹೋದದ್ದು ಸಾಧುಪ್ರಾಣಿ. ಸಂಜೆ ಮನೆಗೆ ಬಂದದ್ದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಹೊರಗಿನ ಬಣ್ಣ ಮಾತ್ರ ಅದೇ.

ಇದರ ಪರಿಣಾಮ ಬರಿಯ ಪೊಲೀಸರ ರಸೀದಿಗೆ ಮುಗಿಯುವಂಥದಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಬಂದ ತಿದ್ದುಪಡಿಯು, ವಾಹನವನ್ನು ಅಕ್ರಮವಾಗಿ ಮಾರ್ಪಡಿಸಿದ ಒಡೆಯನಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿಯೊಂದು ಮಾರ್ಪಾಟಿಗೆ ೫,೦೦೦ ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿತು. ಮಾರುವ ವ್ಯಾಪಾರಿಯೇ ಹಾಗೆ ಮಾಡಿದ್ದರೆ ಒಂದು ವರ್ಷದವರೆಗಿನ ಸೆರೆ ಅಥವಾ ಗಾಡಿಯೊಂದಕ್ಕೆ ಒಂದು ಲಕ್ಷ ರೂಪಾಯಿ ದಂಡ. ಅಪ್ರಾಪ್ತ ವಯಸ್ಸಿನ ಮಗ ಮೋಟಾರು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ಮೂರು ವರ್ಷಗಳವರೆಗಿನ ಸೆರೆಯನ್ನೂ ೨೫,೦೦೦ ರೂಪಾಯಿ ದಂಡವನ್ನೂ ಅದೇ ತಿದ್ದುಪಡಿ ಇಟ್ಟಿತು. ಪಕ್ಕದ ಕೇರಳದಲ್ಲಿ ೨೦೨೩ರಲ್ಲಿ ಸಾರಿಗೆ ಅಧಿಕಾರಿಗಳು ಮಾರಾಟ ಮಳಿಗೆಗಳನ್ನು ತಪಾಸಣೆ ಮಾಡಿದಾಗ, ವೇಗವನ್ನು ಮೊದಲೇ ಏರಿಸಿ ಗಾಡಿ ಮಾರುತ್ತಿದ್ದುದು ಬೆಳಕಿಗೆ ಬಂದಿತು. ಕೊಂಡವನಿಗೆ ತಾನು ತಪ್ಪು ಮಾಡುತ್ತಿದ್ದೇನೆಂಬ ಅರಿವೇ ಇಲ್ಲದಿರುವುದೂ ಹೀಗೆ ಸಾಧ್ಯ.

ಎಲ್ಲಕ್ಕಿಂತ ಭಾರವಾದ ಮಾತು ಪರಿಹಾರದ್ದು. ವಿಮೆಯಿಲ್ಲದ ಮೋಟಾರು ವಾಹನ ಯಾರನ್ನಾದರೂ ಕೆಡವಿ, ನ್ಯಾಯಮಂಡಳಿ ಪರಿಹಾರ ನಿಗದಿಮಾಡಿದರೆ ಅದನ್ನು ತೆರಬೇಕಾದವನು ಒಡೆಯನೇ. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾಯಿದೆಯಲ್ಲಿ ಅವಕಾಶವುಂಟು. ತಲೆಮಾರುಗಳ ದುಡಿಮೆಯ ಅಡಿಕೆ ತೋಟಕ್ಕೋ, ಸಾಲ ತೀರಿಸಿ ಉಳಿಸಿಕೊಂಡ ಮನೆಗೋ, ಹದಿನೇಳರ ಹುಡುಗನ ಒಂದು ಕ್ಷಣದ ಹುಮ್ಮಸ್ಸಿನಿಂದ ಸಂಚಕಾರ ಬರಬಹುದು. ಇನ್ನು ಬಿದ್ದವನ ಮನೆಯ ಸ್ಥಿತಿ? ಕೊಡಲು ಒಡೆಯನಲ್ಲಿ ಏನೂ ಇಲ್ಲದಿದ್ದರೆ ಅವರಿಗೆ ದಿಕ್ಕಿಲ್ಲ.

ಬಿಲ್ಲುಬಾಣದಷ್ಟು ಸರಳವಾದ ಗಣಿತವೊಂದು ಇದೆ. ೨೫ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು ಏಳು ಮೀಟರು ಸಾಗುತ್ತದೆ. ಎದುರಿಗೆ ಮಗು ಓಡಿಬಂದುದನ್ನು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕೆಂದಿಟ್ಟುಕೊಳ್ಳೋಣ. ಆಮೇಲೆ ಒಣರಸ್ತೆಯಲ್ಲಿ ಒಳ್ಳೆಯ ಬ್ರೇಕು ಹಿಡಿದು ನಿಲ್ಲಲು ಸುಮಾರು ಐದು ಮೀಟರು. ಒಟ್ಟು ಹನ್ನೆರಡು. ವೇಗ ೫೦ ಆದರೆ ಮೊದಲ ಸೆಕೆಂಡಿನಲ್ಲಿಯೇ ಹದಿನಾಲ್ಕು ಮೀಟರು. ನಿಲ್ಲುವುದಕ್ಕೆ ಎರಡರಷ್ಟಲ್ಲ, ನಾಲ್ಕರಷ್ಟು ದೂರ, ಎಂದರೆ ಸುಮಾರು ಇಪ್ಪತ್ತು. ಒಟ್ಟು ಮೂವತ್ತನಾಲ್ಕು. ಏಕೆಂದರೆ ಚಲನೆಯ ಶಕ್ತಿ ವೇಗದ ವರ್ಗವನ್ನನುಸರಿಸಿ ಬೆಳೆಯುತ್ತದೆ. ಸುಗ್ಗಿಯಲ್ಲಿ ಜಗಳೂರಿನ ಕಡೆ ರಸ್ತೆಯ ಮೇಲೆಯೇ ಮೆಕ್ಕೆಜೋಳ ಒಣಹಾಕಿರುವಾಗ ಈ ಲೆಕ್ಕವೂ ನಿಲ್ಲದು. ಅಲ್ಲದೆ, ಈ ಗಾಡಿಯ ಹಗುರ ಮೈ, ಸಣ್ಣ ಟೈರು, ಸಾಧಾರಣ ಬ್ರೇಕು ಎಲ್ಲವೂ ೨೫ಕ್ಕೆಂದೇ ರೂಪಿಸಿದುವು. ವೇಗ ಏರಿಸಿದವನು ಮೋಟಾರನ್ನು ಬದಲಾಯಿಸಿದನೇ ಹೊರತು ಅವುಗಳನ್ನು ಬದಲಾಯಿಸಲಿಲ್ಲ. ತಂತಿಯಲ್ಲಿ ಪ್ರವಾಹ ಎರಡರಷ್ಟಾದರೆ ಕಾವು ನಾಲ್ಕರಷ್ಟಾಗುತ್ತದೆ. ವೇಗ ಇಮ್ಮಡಿಯಾದರೆ ಎದುರುಗಾಳಿಯ ತಡೆಯೂ ನಾಲ್ಮಡಿ. ಬ್ಯಾಟರಿ ಬೇಗ ಬರಿದಾಗುವುದು, ಬೇಗ ಮುದಿಯಾಗುವುದು.

ಹಾಗಾದರೆ ವೇಗ ಬೇಡುವವರದೆಲ್ಲ ಬರಿಯ ಹುಚ್ಚೆ? ಹಾಗೆನ್ನುವುದು ನ್ಯಾಯವಾಗದು. ಹೊನ್ನಾಳಿಯಿಂದ ಶಿವಮೊಗ್ಗೆಗೆ ಸುಮಾರು ೪೦ ಕಿಲೋಮೀಟರು. ೨೫ರ ಲೆಕ್ಕದಲ್ಲಿ ಒಂದೂವರೆ ಗಂಟೆಗೂ ಮಿಕ್ಕಿದ ಪ್ರಯಾಣ. ಲಾರಿ ಬಸ್ಸುಗಳು ಬೆನ್ನಟ್ಟಿ ಬರುವ ಹೆದ್ದಾರಿಯಲ್ಲಿ ತೀರ ನಿಧಾನವಾದ ಗಾಡಿಯೂ ಅಪಾಯವೇ. ಆದರೆ ಇದಕ್ಕೆ ಉತ್ತರ ಆ ಗಾಡಿಯನ್ನು ಕೆಣಕುವುದಲ್ಲ. ಅದು ಊರೊಳಗಿನ ಓಡಾಟಕ್ಕೆ ಹುಟ್ಟಿದ್ದು. ತಾಲ್ಲೂಕು ತಾಲ್ಲೂಕುಗಳ ನಡುವೆ ನಿತ್ಯ ಓಡಾಡಬೇಕಾದವರು ನೋಂದಣಿಯಾಗುವ ಜಾತಿಯ ಗಾಡಿಯನ್ನೇ ಕೊಳ್ಳಬೇಕು. ಸ್ವಲ್ಪ ಹೆಚ್ಚು ಹಣವಾದರೂ ಅದರ ಬ್ರೇಕಿಗೂ ವೇಗಕ್ಕೂ ನೆಂಟಸ್ತನವಿರುತ್ತದೆ. ಅಷ್ಟು ಶಕ್ತಿಯಿಲ್ಲದವರಿಗೆ ಬಸ್ಸಿದೆ.

ನಮ್ಮ ಚಿಕ್ಕ ಊರುಗಳ ಮೆಕ್ಯಾನಿಕ್ಕುಗಳ ಬುದ್ಧಿಯನ್ನು ಹೀಗಳೆಯುವ ಕಾರಣವಿಲ್ಲ. ಶಾಲೆಯಲ್ಲಿ ಕಲಿಯದ ಸರ್ಕ್ಯೂಟನ್ನು ಬಿಚ್ಚಿ, ಅರಿತು, ಮತ್ತೆ ಜೋಡಿಸುವ ಕೈಗಳು ಅವು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ರೈತ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕನ್ನು ನಿರ್ಮಿಸಿ ೨೦೧೯ರಲ್ಲಿ ದೇಶದ ಗಮನ ಸೆಳೆದರು. ಮರ ಹತ್ತುವ ಕುಶಲ ಕೂಲಿಗಳು ದೊರೆಯದ ಕಷ್ಟವೇ ಅವರ ಆವಿಷ್ಕಾರದ ತಾಯಿ. ಆದರೆ ಆ ಯಂತ್ರದಲ್ಲಿ ಏರಿಸುವ ಎಂಜಿನ್ನಿನ ಜೊತೆಗೆ ಹಿಡಿದು ನಿಲ್ಲಿಸುವ ಬ್ರೇಕೂ ಇದೆ, ಕುಳಿತವನನ್ನು ಬಿಗಿಯುವ ಪಟ್ಟಿಯೂ ಇದೆ. ಮನುಷ್ಯನನ್ನು ಮರದ ತುದಿಗೆ ಕಳಿಸುವಾಗ ಅವನನ್ನು ಕ್ಷೇಮವಾಗಿ ಇಳಿಸುವ ಚಿಂತೆಯೂ ಒಟ್ಟಿಗೇ ಹುಟ್ಟಿತ್ತು. ಮಿತಿ ಕಳಚುವ ಸಾಧನದಲ್ಲಿ ಆ ಎರಡನೆಯ ಚಿಂತೆ ಇಲ್ಲ. ಅದರಲ್ಲಿ ಚಾತುರ್ಯ ಉಂಟು, ಹೊಣೆ ಇಲ್ಲ.

ಚನ್ನಗಿರಿಯ ಸೀಮೆಯವರಿಗೆ ಸೂಳೆಕೆರೆಯ ನೆರೆಯಲ್ಲಿ ಬಾಳುವವರಾಗಿ ಇದನ್ನು ವಿವರಿಸಬೇಕಾಗಿಲ್ಲ. ಕೆರೆಗೆ ಏರಿಯಿದ್ದಂತೆ ಕೋಡಿಯೂ ಇರುತ್ತದೆ. ಇಷ್ಟು ನೀರಿನ ಮೇಲೆ ಹರಿದುಹೋಗಲಿ ಎಂದು ಕಟ್ಟಿದವರು ಗೊತ್ತುಮಾಡಿದ ಮಟ್ಟ ಅದು. ಇನ್ನೊಂದಡಿ ನೀರು ನಿಲ್ಲಲೆಂದು ಕೋಡಿಗೆ ಮರಳಿನ ಚೀಲ ಒಟ್ಟುವವನಿಗೆ ಆ ವರ್ಷ ಲಾಭವಾದೀತು. ಆದರೆ ಏರಿ ಒಡೆದ ರಾತ್ರಿ ಕೊಚ್ಚಿಹೋಗುವುದು ಚೀಲ ಒಟ್ಟಿದವನ ಹೊಲವೊಂದೇ ಅಲ್ಲ, ಕೆಳಗಿನ ಊರೆಲ್ಲ.

ಮನೆಯ ಹಿರಿಯರು ಮಾಡಬಹುದಾದ ಕೆಲಸ ಸುಲಭ. ಗಾಡಿ ಕೊಳ್ಳುವಾಗ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯಬೇಕು. “ಲೈಸೆನ್ಸು ಬೇಡ, ಐವತ್ತು ಓಡುತ್ತದೆ” ಎಂಬೆರಡು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳುವ ಅಂಗಡಿಯಿಂದ ಹಿಂದಿರುಗಬೇಕು. ಆ ಎರಡೂ ಒಟ್ಟಿಗೆ ನಿಜವಾಗಿರುವುದು ಸಾಧ್ಯವಿಲ್ಲ. ಈಗಾಗಲೇ ಮನೆಯಲ್ಲಿರುವ ಗಾಡಿಯ ವೇಗವನ್ನು ಮೊಬೈಲಿನ ನಕ್ಷೆಯಲ್ಲಿ ಒಮ್ಮೆ ಅಳೆದು ನೋಡಬಹುದು. ಮಿತಿ ಮೀರಿದ್ದರೆ ಬಿಚ್ಚಿಸಿದ ಮೆಕ್ಯಾನಿಕ್ಕಿನಿಂದಲೇ ಮತ್ತೆ ಕೂಡಿಸಬಹುದು. ಅದಕ್ಕೆ ತಗಲುವ ಖರ್ಚು ಅಲ್ಪ. ಮಗನ ಮುಖ ಎರಡು ದಿನ ಬಾಡೀತು. ಆದರೆ ಸಂಜೆ ಅವನು ಹತ್ತು ನಿಮಿಷ ತಡವಾಗಿ ಮನೆ ಸೇರಿದಾಗ, ಆ ತಡವನ್ನು ಯಾವ ತಾಯಿಯೂ ಆಕ್ಷೇಪಿಸುವುದಿಲ್ಲ.