ಹಳೆಯದನ್ನು ಕೆದಕುವವರ ಪರವಾಗಿ

‘ಹಳೆಯದನ್ನೆಲ್ಲ ಈಗ ಕೆದಕುವುದೇಕೆ?’ ತನ್ನ ಬದುಕಿನ ಕಥೆ ಬರೆಯಲು ಹೊರಟ ಸಾಮಾನ್ಯರು ಮನೆಯವರಿಂದ ಮೊದಲು ಕೇಳುವ ಮಾತಿದು. ಎರಡನೆಯ ಮಾತು ಹೊರಗಿನವರದು: ‘ಬರೆದುಬಿಡಿ, ಮನಸ್ಸು ಹಗುರವಾಗುತ್ತದೆ.’ ಮೊದಲನೆಯದು ಬಾಯಿ ಮುಚ್ಚಿಸುವ ಮಾತು, ಎರಡನೆಯದು ಬೆನ್ನು ತಟ್ಟಿ ಜಾರಿಕೊಳ್ಳುವ ಮಾತು. ಇವೆರಡನ್ನೂ ನಾನು ಒಪ್ಪಲಾರೆ. ನೋವಿನ ನೆನಪನ್ನು ಬರೆಯುವವರಿಗೆ ಜೊತೆಯಲ್ಲಿ ಕೂರುವ ಒಬ್ಬರು ಬೇಕು. ಅದನ್ನು ನಾಚದೆ ಕೇಳಬೇಕು. ಕೇಳಿದಾಗ ಬಂಧುಗಳು ಒದಗಬೇಕು.

ಬರೆದರೆ ಹಗುರವಾಗುತ್ತದೆ ಎಂಬುದು ಅರ್ಧ ಸತ್ಯ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ಇವರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ, ತಮ್ಮ ಬಾಳಿನ ಆಘಾತಗಳನ್ನು ಕುರಿತು ಬರೆದರು. ಘಟನೆಯನ್ನೂ ಭಾವನೆಯನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಇದನ್ನು ಎಲ್ಲರೂ ಹೇಳುತ್ತಾರೆ. ಬರೆದು ಮುಗಿಸಿದ ಕೂಡಲೇ ಅವರ ಮನಸ್ಸು ಮೊದಲಿಗಿಂತ ಕುಗ್ಗಿತ್ತು, ರಕ್ತದೊತ್ತಡ ಏರಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. 15 ನಿಮಿಷಕ್ಕೇ ಹೀಗಾದರೆ, ಅರುವತ್ತು ವರ್ಷದ ಬಾಳನ್ನು ತಿಂಗಳುಗಟ್ಟಲೆ ಹರಡಿಕೊಂಡು ಕೂತವರ ಗತಿಯೇನು?

ನನ್ನದನ್ನೇ ಹೇಳುತ್ತೇನೆ. 1968ರ ಮಳೆಗಾಲದಲ್ಲಿ, ತಮ್ಮ ಹುಟ್ಟಿದ ಹದಿನೈದು ದಿನಕ್ಕೆ, ನಮ್ಮಮ್ಮನ ಬುದ್ಧಿಯ ಸ್ತಿಮಿತ ತಪ್ಪಿತು. ಊರವರು ಬಾಣಂತಿ ಸನ್ನಿ ಎಂದರು. ಕೆಲವರು ಗಾಳಿ ಸೋಕಿದೆ ಎಂದರು. ಮಗುವನ್ನು ಇಲ್ಲೇ ಇರಿಸಿಕೊಂಡು ಅಮ್ಮನನ್ನು ತವರಿಗೆ ಕಳಿಸಿದರು. ಎಂಟು ವರ್ಷದ ನನಗೆ, ‘ಅಜ್ಜಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗಿದ್ದಾಳೆ’ ಎಂದರು. ಅಮ್ಮ ಮರಳಿ ಬಂದಾಗ ತಮ್ಮ ಅವಳ ಬಳಿ ಹೋಗಲಿಲ್ಲ. 34 ವರ್ಷ ಪಾಠ ಹೇಳಿದ ನನಗೆ ಈ ಒಂದು ವಾಕ್ಯವನ್ನು ಬರೆಯಲು ಕಳೆದ ವರ್ಷ ಮೂರು ವಾರ ಹಿಡಿಯಿತು. ನಿದ್ದೆ ಬಾರದು, ಊಟ ಸೇರದು.

ಅಣ್ಣನಿಗೆ ದೂರವಾಣಿಯಲ್ಲಿ ಹೇಳಿಕೊಂಡೆ. ‘ಮನೆ ಮಾನ ಬೀದಿಗೆ ತರಬೇಕೇನೇ? ನಾಳೆ ಮೊಮ್ಮಕ್ಕಳಿಗೆ ಸಂಬಂಧ ನೋಡುವುದು ಬೇಡವೇ?’ ಎಂದ. ಅಣ್ಣ ಇದನ್ನು ಓದುತ್ತಾನೆ, ಆದ್ದರಿಂದ ಇಲ್ಲೇ ಉತ್ತರಿಸುತ್ತೇನೆ. ಸಂಬಂಧ ನೋಡಲು ಬರುವವರಿಗಿಂತ ಮೊದಲು ನಮ್ಮ ಹೆಣ್ಣುಮಕ್ಕಳಿಗೇ ಈ ಸಂಗತಿ ತಿಳಿದಿರಬೇಕು. ಅದು ಹೆರಿಗೆಯ ನಂತರ ಕಾಣಿಸಿಕೊಳ್ಳುವ, ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಬಂದಿದ್ದರೆ ಬಸುರಿಯನ್ನು ನೋಡುವ ವೈದ್ಯರಿಗೆ ಮೊದಲೇ ಹೇಳಬೇಕಾದದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇರಿಸಿಕೊಂಡು ಆರೈಕೆ ಮಾಡುವ ವಿಭಾಗವೇ ಇಂದು ಇದೆ. ಮಾನ ಉಳಿಸಲೆಂದು ಮುಚ್ಚಿಟ್ಟವರು ಅಮ್ಮನ ಮಾನವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಹೆಸರು ಬದಲಿಸು ಎಂದರೆ ಬದಲಿಸುತ್ತೇನೆ; ಅಚ್ಚಿಗೆ ಮೊದಲು ತೋರಿಸು ಎಂದರೆ ತೋರಿಸುತ್ತೇನೆ. ಬರೆಯಬೇಡ ಎನ್ನುವ ಅಧಿಕಾರವನ್ನು ಯಾರಿಗೂ ಕೊಡಲಾರೆ.

ದೊಡ್ಡ ಲೇಖಕರೆಲ್ಲ ಒಬ್ಬರೇ ಕೂತು ಬರೆಯಲಿಲ್ಲವೇ ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ಎಲ್ಲರೂ ಅಲ್ಲಪ್ಪಾ. ಅನಂತಮೂರ್ತಿಯವರ ‘ಸುರಗಿ’ (2012) ಅವರು ಹೇಳಿ, ಜ.ನಾ. ತೇಜಶ್ರೀ ಬರಹಕ್ಕಿಳಿಸಿದ ಕೃತಿ. ಎದುರಿಗೆ ಕೇಳುವ ಕಿವಿಯೊಂದಿತ್ತು. ಭೈರಪ್ಪನವರು ‘ಭಿತ್ತಿ’ಯಲ್ಲಿ, ಪ್ಲೇಗ್ ಮನೆಯವರನ್ನು ಕೊಂಡೊಯ್ದ ಬಾಲ್ಯವನ್ನು ಬರೆದರು. ವಿಜಯಮ್ಮನವರು ‘ಕುದಿ ಎಸರು’ವಿನಲ್ಲಿ ದಾಂಪತ್ಯದ ಹಿಂಸೆಯನ್ನು ಬರೆದರು, ಅದಕ್ಕೆ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅವನ್ನು ಓದಿ ಮೆಚ್ಚುವ ನಾವೇ, ನಮ್ಮ ಮನೆಯ ಅತ್ತೆಯೋ ಚಿಕ್ಕಮ್ಮನೋ ಅಂಥದೊಂದು ಪುಟ ಬರೆದರೆ ‘ಇವಳಿಗೇನಾಗಿದೆ’ ಎನ್ನುತ್ತೇವೆ!

ಆಸರೆ ಎಂದರೆ ಹೊಗಳಿಕೆಯೆಂದು ತಿಳಿದವರೂ ಇದ್ದಾರೆ. ವಾಟ್ಸಾಪಿನಲ್ಲಿ ಐದು ಪುಟ ಕಳಿಸಿದರೆ ಅರ್ಧ ನಿಮಿಷದಲ್ಲಿ ‘ಸೂಪರ್ ಮೇಡಂ’ ಎಂದು ಕೈಮುಗಿದ ಚಿತ್ರ ಬರುತ್ತದೆ. ಅಷ್ಟು ಬೇಗ ಓದುವ ವಿದ್ಯೆಯನ್ನು ನಾನಂತೂ ಕಲಿಸಿರಲಿಲ್ಲ. ನನಗೆ ನಿಜವಾಗಿ ಒದಗಿದವರು ಅತ್ತಿಗೆ. (ಅಣ್ಣನಿಗೆ ಇದು ಈಗಷ್ಟೇ ತಿಳಿಯುತ್ತಿರಬಹುದು.) ಪ್ರತಿ ಗುರುವಾರ ಮಧ್ಯಾಹ್ನ ದೂರವಾಣಿಯಲ್ಲಿ, ಬರೆದಷ್ಟನ್ನು ಓದಿ ಹೇಳುತ್ತೇನೆ. ಅವರು ಇಸವಿ ತಿದ್ದುವುದಿಲ್ಲ, ವೇದಾಂತ ಹೇಳುವುದಿಲ್ಲ, ‘ಅಯ್ಯೋ ಪಾಪ’ ಎನ್ನುವುದಿಲ್ಲ. ಕೊನೆಗೆ, ‘ಇವತ್ತಿಗೆ ಸಾಕು, ಎದ್ದು ಒಂದು ಲೋಟ ಕಾಫಿ ಕುಡಿ’ ಎನ್ನುತ್ತಾರೆ. ಅಂದಿನಿಂದ ನಿದ್ದೆ ಬರುತ್ತಿದೆ. ಅಂಥ ಅತ್ತಿಗೆ ಇಲ್ಲದವರು, ಬರೆಯುವಾಗ ಮನಸ್ಸು ತೀರ ಕುಸಿದರೆ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯದು; ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಜ್ವರ ಬಂದರೆ ಔಷಧಿ ಕೇಳಲು ನಾಚದವರು ಇದಕ್ಕೆ ನಾಚುವುದೇಕೆ?

ಅಧ್ಯಾಯ ಹನ್ನೊಂದನೆಯ ಪುಟದಲ್ಲಿದೆ. ಅಮ್ಮ ತವರಿನಿಂದ ಮರಳಿದ್ದು ಯುಗಾದಿಗೆ ಮೊದಲೋ ಅನಂತರವೋ ಎಂಬುದು ನನಗೂ ತಿಳಿಯದು, ಅತ್ತಿಗೆಗೂ ತಿಳಿಯದು. ಸೋದರಮಾವನ ಮನೆಯವರಲ್ಲಿ ಬಲ್ಲವರಿದ್ದರೆ ಗುರುವಾರದೊಳಗೆ ತಿಳಿಸಿರಿ.